ನನ್ನ ತಮ್ಮ ಚೇರ್ಮನ್ ಆಗಿದ್ದ ಬೇಸಿಗೆ

ಮೊನ್ನೆ ಇತ್ತಲಾರ್ ಕಡೆ ಹೋಗುವ ಬಸ್ಸು ಘಟ್ಟದ ತಿರುವಿನಲ್ಲಿ ಒಂದು ಕ್ಯಾರೆಟ್ ಲಾರಿಯ ಹಿಂದೆ ಸಿಕ್ಕಿಕೊಂಡಿತು. ಆಗಷ್ಟೇ ತೊಳೆದು ತುಂಬಿದ ಲೋಡು. ಮೂಟೆಗಳಿಂದ ನೀರು ಸೋರಿ ರಸ್ತೆಯ ಮೇಲೆ ಗೆರೆ ಎಳೆದುಕೊಂಡು ಹೋಗುತ್ತಿತ್ತು. ಒದ್ದೆ ಗೋಣಿ, ಕೆಂಪು ಮಣ್ಣು, ಮುರಿದ ಕ್ಯಾರೆಟ್ಟಿನ ಹಸಿ ಸಿಹಿ, ಎಲ್ಲ ಸೇರಿದ ವಾಸನೆ ಕಿಟಕಿಯಿಂದ ಒಳಗೆ ಬಂತು. ಪಕ್ಕದಲ್ಲಿ ಕೂತಿದ್ದ ಟೂರಿಸ್ಟ್ ಹೆಂಗಸು ಮೂಗಿಗೆ ಕರ್ಚೀಫು ಹಿಡಿದಳು. ನಾನು ಹಿಡಿಯಲಿಲ್ಲ. ಆ ವಾಸನೆಯಲ್ಲೇ ನಾನು ಅನ್ನ ಉಂಡವಳು. ಬಸ್ಸು ಇಳಿದು ಹಟ್ಟಿಗೆ ನಡೆಯುವಷ್ಟು ದೂರವೂ ನನ್ನ ತಮ್ಮ ಹಾಲ ಚೇರ್ಮನ್ ಆಗಿದ್ದ ಆ ಬೇಸಿಗೆಯೇ ತಲೆಯೊಳಗೆ ಓಡುತ್ತಿತ್ತು.

ಹಾಲ ನನಗಿಂತ ಬಹಳ ಚಿಕ್ಕವನು. ಅವ್ವೆ ಹೊಲಕ್ಕೆ ಹೋದರೆ ಅವನು ನನ್ನ ಸೊಂಟದ ಮೇಲೆ. ಓದು ಅವನಿಗೂ ಹತ್ತಲಿಲ್ಲ, ನನಗಂತೂ ಹೆಸರು ಬರೆಯುವಷ್ಟು ಬಂದರೆ ಹೆಚ್ಚು. ಮೀಸೆ ಮೂಡುವ ಮೊದಲೇ ಅವನು ಹಳ್ಳದ ನೀರಿನಲ್ಲಿ ನಿಂತು ಊರವರ ಕ್ಯಾರೆಟ್ಟನ್ನು ಕಾಲಿನಿಂದ ತುಳಿದು ತೊಳೆದುಕೊಡಲು ಶುರುಮಾಡಿದ. ಆಗೆಲ್ಲ ಹಾಗೆಯೇ. ಚಳಿಗಾಲದ ಬೆಳಗಿನಲ್ಲಿ, ಹುಲ್ಲಿನ ಮೇಲೆ ಹಿಮ ಬೆಳ್ಳಗೆ ಕೂತಿರುವಾಗ, ಮೊಣಕಾಲುದ್ದ ನೀರಿನಲ್ಲಿ ನಿಂತು ತುಳಿಯಬೇಕು. ಕಾಲು ಸೀಳಿ ರಕ್ತ ಬರುತ್ತಿತ್ತು. ಒಂದು ದಿನ ಗುಜರಿಯಿಂದ ಹಳೆಯ ಡ್ರಮ್ಮು ತಂದು, ಅದಕ್ಕೆ ತೂತು ಕೊರೆಸಿ, ಮೋಟಾರು ಕಟ್ಟಿಸಿ, ಒಳಗೆ ಕ್ಯಾರೆಟ್ ಸುರಿದು ತಿರುಗಿಸಿದ. ಮೊದಲ ಸಲ ಅರ್ಧ ಕ್ಯಾರೆಟ್ ಪುಡಿಪುಡಿ. ಊರೆಲ್ಲ ನಕ್ಕಿತು. ಆಮೇಲೆ ಊರೆಲ್ಲ ಅವನ ಹತ್ತಿರವೇ ಮೂಟೆ ತಂದು ಸುರಿಯಿತು.

ಹಾಗೆ ಹಳ್ಳದ ದಂಡೆಯ ಮೇಲೆ ಒಂದು ತೊಳೆಯುವ ಶೆಡ್ಡಾಯಿತು. ಪೇಟೆಯಲ್ಲಿ ಬಿತ್ತನೆ, ಗೊಬ್ಬರದ ಅಂಗಡಿಯಾಯಿತು. ಸ್ವಂತ ಲಾರಿ ಬಂತು. ಪೇಟೆಯಲ್ಲೇ ಮನೆ ಕಟ್ಟಿ ಅಲ್ಲಿಯವನೇ ಆದ. ಯಾರ ಮನೆಯ ಸಾವಿಗೂ ತಪ್ಪಿಸುತ್ತಿರಲಿಲ್ಲ, ಯಾರ ಜೊತೆಗೂ ಜಗಳ ಇಟ್ಟುಕೊಳ್ಳುತ್ತಿರಲಿಲ್ಲ. ಅದೇ ಅವನನ್ನು ಕುರ್ಚಿಯ ಮೇಲೆ ಕೂರಿಸಿದ್ದು. ಪೇಟೆಯ ಪುರಸಭೆಗೆ ಕೌನ್ಸಿಲರ್ ಆಗಿ ಗೆದ್ದ ಮೇಲೆ, ಎರಡು ಗುಂಪಿನವರು ತಮ್ಮ ತಮ್ಮವರೇ ಚೇರ್ಮನ್ ಆಗಬೇಕೆಂದು ಹಟ ಹಿಡಿದು, ಕೊನೆಗೆ ಇಬ್ಬರಿಗೂ ಅಷ್ಟೇನೂ ಬೇಡವಾಗಿರದ ಇವನನ್ನು ಆರಿಸಿದರು. ಕೆಳಗಿನ ಊರುಗಳ ವ್ಯಾಪಾರಿಗಳು ಅವನನ್ನು 'ಮೇಯರ್ ಸಾರ್' ಎಂದರು. ಪೇಟೆಯವರು ಚೇರ್ಮನ್ ಎಂದರು. ನಾನು ಹಾಲ ಎಂದೆ.

ನನ್ನದು ಎರಡು ದೋಣಿಯ ಬದುಕು. ನಾನು ಮದುವೆಯಾಗಿ ಹೋದದ್ದು ಕೆಳಹಟ್ಟಿಗೆ. ಅದು ತಮ್ಮನ ಶೆಡ್ಡಿನ ಕೆಳಗೆ, ಅದೇ ಹಳ್ಳದ ದಂಡೆಯಲ್ಲಿದೆ. ಗಂಡ ತೀರಿಕೊಂಡ ಮೇಲೂ ನಾನು ಅಲ್ಲೇ ಉಳಿದೆ. ದಿನಾ ಬೆಳಕು ಹರಿಯುವ ಮೊದಲೇ ಕೆಳಹಟ್ಟಿಯ ಹೆಂಗಸರೆಲ್ಲ ಗುಡ್ಡ ಹತ್ತಿ ಶೆಡ್ಡಿಗೆ ಹೋಗುತ್ತಿದ್ದೆವು. ಗಂಡಸರು ಡ್ರಮ್ಮಿಗೆ ಸುರಿಯುವುದು, ನಾವು ತೊಳೆದು ಬಂದದ್ದರಲ್ಲಿ ದಪ್ಪ, ಸಣ್ಣ, ಸೀಳಿದ್ದು, ಮುರಿದದ್ದು ಬೇರೆ ಮಾಡಿ ಮೂಟೆಗೆ ತುಂಬುವುದು. ಹೆಂಗಸರ ಮೇಸ್ತ್ರಿ ನಾನು. ಚೇರ್ಮನ್ನನ ಅಕ್ಕ ಎಂದು ಯಾರೂ ನನಗೆ ಹೆದರಲಿಲ್ಲ. ನನ್ನ ಬಾಯಿಗೆ ಹೆದರಿದರು. ಮಾದಿ ಎಂಬುವಳು ಒಬ್ಬಳು ಅದಕ್ಕೂ ಹೆದರಲಿಲ್ಲ.

ಅವನು ಚೇರ್ಮನ್ ಆದ ವರ್ಷ ಹಿಂಗಾರು ಮಳೆ ಕೈಕೊಟ್ಟಿತು. ಮೋಡ ಬರುತ್ತಿತ್ತು, ಗುಡ್ಡದ ಮೇಲೆ ಕೂರುತ್ತಿತ್ತು, ಎದ್ದು ಹೋಗುತ್ತಿತ್ತು. ಆಮೇಲೆ ಬಿದ್ದ ಹಿಮಕ್ಕೆ ಟೀ ಗಿಡದ ಎಲೆಯೆಲ್ಲ ಸುಟ್ಟು ಕಾಫಿ ಬಣ್ಣಕ್ಕೆ ತಿರುಗಿತು. ಟೂರಿಸ್ಟರ ಸೀಸನ್ ಶುರುವಾಗುವ ಹೊತ್ತಿಗೆ ಪೇಟೆಯ ನಲ್ಲಿಗಳಲ್ಲಿ ಗಾಳಿ ಮಾತ್ರ ಬರುತ್ತಿತ್ತು. ಹಾಲ ಲಾಡ್ಜಿನವರಿಗೆ ಕಾರು ತೊಳೆಯಬೇಡಿ ಎಂದು ನೋಟಿಸು ಕೊಟ್ಟ. ಹೂದೋಟಕ್ಕೆ ನಲ್ಲಿ ನೀರು ಬಿಡಬಾರದೆಂದ. ತಾನೇ ಟ್ಯಾಂಕರ್ ಲಾರಿಯ ಪಕ್ಕ ನಿಂತು ಜಗಳ ಬಿಡಿಸಿದ. ಪೇಟೆಯವರು ಸುಮ್ಮನಿರುತ್ತಾರೆಯೇ? "ಊರ ನಲ್ಲಿಯೆಲ್ಲಾ ಮುಚ್ಚಿಸಿದ ಚೇರ್ಮನ್ ತನ್ನ ಕ್ಯಾರೆಟ್ಟಿಗೆ ಮಾತ್ರ ದಿನಾ ಸ್ನಾನ ಮಾಡಿಸ್ತಾನೆ" ಎಂದು ಟೀ ಅಂಗಡಿಯಲ್ಲಿ ಆಡಿಕೊಂಡರು. ಆ ಮಾತು ಅವನ ಕಿವಿಗೂ ಬಿತ್ತು. "ಶೆಡ್ಡು ಇರೋದು ಪೇಟೆಯ ಹೊರಗೆ, ಆ ನೀರು ಪೇಟೆಗೆ ಬರೋದೇ ಇಲ್ಲ" ಎಂದು ಅವನು ಸಮಾಧಾನ ಹೇಳಿಕೊಂಡ.

ಅದು ನಿಜವೇ. ಆ ನೀರು ಪೇಟೆಗೆ ಹೋಗುತ್ತಿರಲಿಲ್ಲ. ಅದು ಬರುತ್ತಿದ್ದದ್ದು ಕೆಳಹಟ್ಟಿಗೆ.

ಹಳ್ಳ ಬಡವಾದ ಮೇಲೆ ಶೆಡ್ಡಿನವರು ಅದಕ್ಕೆ ಅಡ್ಡ ಮರಳು ಮೂಟೆ ಪೇರಿಸಿದರು. ನಿಂತಷ್ಟು ನೀರನ್ನು ಪಂಪು ಎಳೆಯುತ್ತಿತ್ತು. ತೊಳೆದ ಕೊಳೆ ನೀರು ಇನ್ನೊಂದು ಕಡೆ ಹರಿದು ಹೊಲದಲ್ಲಿ ಇಂಗಿ ಹೋಗುತ್ತಿತ್ತು. ಕೆಳಗಿನ ನಮ್ಮ ನೀರಿನ ಗುಂಡಿಯ ತಳ ಕಂಡಿತು. ನಾವು ಸಾಯಂಕಾಲ ಕೂಲಿ ಮುಗಿಸಿ ಇಳಿದು ಬಂದು, ತೆಂಗಿನ ಚಿಪ್ಪಿನಲ್ಲಿ ಮೊಗೆದು ಮೊಗೆದು ಕೊಡ ತುಂಬಿಕೊಳ್ಳುತ್ತಿದ್ದೆವು. ಹಗಲೆಲ್ಲ ಮೈ ಒದ್ದೆ ಮಾಡಿಕೊಂಡು ಕ್ಯಾರೆಟ್ ಆರಿಸುವುದು, ಮನೆಗೆ ಬಂದರೆ ಮುಖ ತೊಳೆಯಲು ನೀರಿಲ್ಲ. ಮಾದಿ ಒಂದು ದಿನ ಆರಿಸುತ್ತಾ ಆರಿಸುತ್ತಾ, "ಇದಾವ ನ್ಯಾಯ? ಎಂಗ ಕ್ಯಾರೆಟ್ ಆಗಿ ಹುಟ್ಟಿದ್ರೆ ವಾಸಿ" ಎಂದಳು. ಎಂಗ ಎಂದರೆ ನಮ್ಮ ಹಟ್ಟಿಯ ಮಾತಿನಲ್ಲಿ ನಾವು, ನಮ್ಮ. ಎಲ್ಲರೂ ನಕ್ಕರು. ನಾನು, "ಬಾಯಿ ಮುಚ್ಚಿ ಕೈ ಆಡಿಸು" ಎಂದೆ. ನಾನು ಹಾಲನಿಗೆ ಹೇಳಲಿಲ್ಲ. ಕೆಳಹಟ್ಟಿಯ ಯಾರೂ ಹೇಳಲಿಲ್ಲ. ಪಂಪು ನಿಂತರೆ ಕೂಲಿಯೂ ನಿಲ್ಲುತ್ತದೆ. ಟೀ ಎಲೆ ಸುಟ್ಟ ವರ್ಷ ಬೇರೆ ಕೂಲಿ ಎಲ್ಲಿದೆ?

ಆಗ ಕೆಳಹಟ್ಟಿಯಲ್ಲಿ ಕಾರಿ ಅಯ್ಯ ಸತ್ತ. ವಯಸ್ಸಾಗಿತ್ತು, ನಿದ್ದೆಯಲ್ಲೇ ಹೋದ. ಒಂದು ಹಸು, ಒಂದು ಕಂಬಳಿ, ಇಷ್ಟೇ ಅವನ ಆಸ್ತಿ. ನೆಂಟರಲ್ಲದಿದ್ದರೂ ಹಾಲ ಬಂದ. ಕಾರನ್ನು ಮೇಲೆಯೇ ನಿಲ್ಲಿಸಿ, ಬಿಳಿ ಮುಂಡಾಸು ಸುತ್ತಿಕೊಂಡು, ಗುಡ್ಡ ಇಳಿದು ಬಂದು ಗಂಡಸರ ಜೊತೆ ನಿಂತ.

ನಮ್ಮಲ್ಲಿ ಹೆಣ ಎತ್ತುವ ಮುಂಚೆ ಸತ್ತವನ ಪಾಪಗಳನ್ನು ಹೇಳಿ ಬಿಡಿಸುವ ಪದ್ಧತಿ ಇದೆ. ಹಿರಿಯನೊಬ್ಬ ಹೆಣದ ತಲೆಯ ಹತ್ತಿರ ನಿಂತು ಒಂದೊಂದೇ ಪಾಪ ಹೇಳುತ್ತಾನೆ. ಹುಳ ತುಳಿದದ್ದು, ಗಡಿಕಲ್ಲು ಸರಿಸಿದ್ದು, ಅತ್ತಿಗೆಯ ಮೇಲೆ ಚಾಡಿ ಹೇಳಿದ್ದು, ಹಸಿದು ಬಂದವರನ್ನು ಓಡಿಸಿದ್ದು. ಒಂದೊಂದಕ್ಕೂ ಸೇರಿದವರೆಲ್ಲ, ಅದು ಇವನನ್ನು ಬಿಟ್ಟು ಹೋಗಲಿ ಎಂದು ಒಟ್ಟಿಗೆ ಹೇಳಬೇಕು. ಸತ್ತವನು ಅದನ್ನೆಲ್ಲ ಮಾಡಿದ್ದನೋ ಇಲ್ಲವೋ, ಅದು ಲೆಕ್ಕಕ್ಕಿಲ್ಲ. ಎಲ್ಲರ ಹೆಣಕ್ಕೂ ಅದೇ ಪಾಪ, ಅದೇ ಸಾಲು. ಕೂಸಾಗಿದ್ದಾಗಿನಿಂದ ಕೇಳಿ ಕೇಳಿ ನಮಗೆಲ್ಲ ಬಾಯಿಪಾಠ.

ಅವತ್ತು ಹೇಳಿದವನು ನಮ್ಮ ಹಟ್ಟಿಯ ಮುದುಕ. ಎಲ್ಲರೂ ಅವನನ್ನು ಹೆತ್ತಪ್ಪ, ಅಂದರೆ ಅಜ್ಜ, ಎಂದೇ ಕರೆಯುವುದು. ಬೀಡಿ ಸೇದಿ ಸೇದಿ ಅವನ ಎದೆ ಜರಡಿಯಾಗಿತ್ತು. ಪಾಪ ಹೇಳುತ್ತಾ ಹೇಳುತ್ತಾ ಹರಿಯುವ ನೀರಿಗೆ ಅಡ್ಡ ಕಟ್ಟಿದ ಪಾಪಕ್ಕೆ ಬಂದ. ಅಷ್ಟು ಹೇಳಿ ನಿಂತುಬಿಟ್ಟ. ಬಾಯಿ ತೆರೆದೇ ಇತ್ತು, ದನಿ ಬರಲಿಲ್ಲ. ನಾವೂ ಸುಮ್ಮನಾದೆವು. ಇಡೀ ಹಟ್ಟಿಯೇ ಸುಮ್ಮನಾಯಿತು. ಕಾರಿ ಅಯ್ಯನ ಹಸು ಕೂಗಿದ್ದು ಕೇಳಿಸಿತು. ಆಮೇಲೆ ಹೆತ್ತಪ್ಪ ಕೆಮ್ಮಿದ, ಕಫ ಉಗಿದ, ಅದೇ ಸಾಲನ್ನು ಇನ್ನೊಂದು ಸಲ ಗಟ್ಟಿಯಾಗಿ ಹೇಳಿದ. ನಾವೆಲ್ಲ, ಬಿಟ್ಟು ಹೋಗಲಿ ಎಂದೆವು.

ನಾನು ಹಾಲನ ಕಡೆ ನೋಡಿದೆ. ಅವನ ಬಾಯಿ ಅಲುಗಲಿಲ್ಲ. ಮುಂಡಾಸಿನ ಕೆಳಗೆ ಮುಖ ಹಣ್ಣೆಲೆಯ ಹಾಗೆ ಆಗಿತ್ತು.

ಮಾರನೆಯ ಬೆಳಗ್ಗೆ ನಾವು ಗುಡ್ಡ ಹತ್ತಿ ಹೋದರೆ ಶೆಡ್ಡಿನಲ್ಲಿ ಸದ್ದಿಲ್ಲ. ಪಂಪು ನಿಂತಿತ್ತು. ಪಿಕಪ್ಪು ಗಾಡಿಗಳು ಮೂಟೆ ಸಮೇತ ಸಾಲಾಗಿ ನಿಂತಿದ್ದವು. ಹಾಲ ವೇಷ್ಟಿ ಎತ್ತಿ ಕಟ್ಟಿಕೊಂಡು ಹಳ್ಳದೊಳಗೆ ಇಳಿದು ಮರಳು ಮೂಟೆಗಳನ್ನು ತಾನೇ ಎಳೆದು ದಂಡೆಗೆ ಹಾಕುತ್ತಿದ್ದ. ಡ್ರೈವರ್ ದಂಡೆಯ ಮೇಲೆ ನಿಂತು, "ಸಾರ್, ನಾನ್ ಮಾಡ್ತೀನಿ ಸಾರ್" ಎಂದು ಬೇಡಿಕೊಳ್ಳುತ್ತಿದ್ದ. ಹಾಲ ಅವನ ಕಡೆ ತಿರುಗಲೂ ಇಲ್ಲ. ನಮ್ಮನ್ನು ನೋಡಿ, "ಇವತ್ತಿಂದ ತೊಳೆಯೋದು ಇಲ್ಲ. ಮನೆಗೆ ಹೋಗಿ" ಎಂದ.

ಮಾದಿ ಸೊಂಟದ ಮೇಲೆ ಕೈ ಇಟ್ಟಳು. "ಚೇರ್ಮನ್ನರೇ, ಮನೆಗೆ ಹೋಗಿ ಎಂಗ ಏನು ತಿನ್ನೋದು? ಮೂಟೆಯೊಳಗಿನ ಮರಳಾ?"

ಅವನು ಒದ್ದೆ ವೇಷ್ಟಿಯಲ್ಲೇ ಕಾರು ಹತ್ತಿ ಹೋದ.

ನಾನು ಅದೇ ದಿನ ಬಸ್ಸು ಹತ್ತಿ ಪೇಟೆಗೆ ಹೋದೆ. ಅವನ ಆಫೀಸಿಗೆ ಅದೇ ಮೊದಲ ಸಲ. ಹೊರಗೆ ಬೆಂಚಿನ ಮೇಲೆ ಅರ್ಜಿ ಹಿಡಿದವರ ಸಾಲು. ಬಾಗಿಲ ಪ್ಯೂನು ನನ್ನನ್ನು ಅಜ್ಜಿ ಮಾಡಿ, "ಪಾಟಿ, ಕೂತ್ಕೊಳ್ಳಿ, ಕೂಗ್ತೀವಿ" ಎಂದ. "ನಾನು ಕೂಗಿದ್ರೆ ನಿಂಗ ಚೇರ್ಮನ್ ಇಲ್ಲಿಗೇ ಬರ್ತಾನೆ, ನೋಡ್ತೀಯಾ?" ಎಂದೆ. ದನಿ ಕೇಳಿ ಹಾಲನೇ ಬಾಗಿಲಿಗೆ ಬಂದ. ಬಂದವನು ಅಷ್ಟು ಜನರ ಮುಂದೆ ತಲೆ ಬಗ್ಗಿಸಿ ನಿಂತ. ಕಿರಿಯರು ಹಿರಿಯರ ಮುಂದೆ ತಲೆ ಬಗ್ಗಿಸುವುದು, ಹಿರಿಯರು ಆ ತಲೆ ಮುಟ್ಟಿ ಹರಸುವುದು ನಮ್ಮ ಕ್ರಮ. ಎಷ್ಟು ಕೋಪ ಇದ್ದರೂ ಬಗ್ಗಿದ ತಲೆಯನ್ನು ಹಾಗೇ ಬಿಡುವಂತಿಲ್ಲ. ಕೈ ಇಟ್ಟೆ, ಬದುಕು ಎಂದೆ. ಒಳಗೆ ಹೋಗಿ ಬಾಗಿಲು ಹಾಕಿಸಿದೆ.

"ನಿನಗೆ ತಲೆ ನೆಟ್ಟಗಿದೆಯಾ? ಅಷ್ಟು ಹೆಂಗಸರ ಕೂಲಿ ಕಿತ್ತೆ."

"ಅಕ್ಕ, ನಿನ್ನೆ ಹೆತ್ತಪ್ಪ ನನಗಾಗಿಯೇ ನಿಲ್ಲಿಸಿದ. ಎಲ್ಲರ ಮುಂದೆ. ಎರಡು ಸಲ ಹೇಳಿದ."

ನನಗೆ ನಗು ತಡೆಯಲಾಗಲಿಲ್ಲ. "ಮುಟ್ಟಾಳ! ಅವ ಕೆಮ್ಮಿದ್ದು. ಉಸಿರು ಸಿಕ್ಕಿಕೊಂಡಿತು. ಹೋದ ತಿಂಗಳು ಇನ್ನೊಂದು ಸಾವಿನಲ್ಲಿ ಚಾಡಿಯ ಪಾಪದ ಹತ್ತಿರ ಹಾಗೇ ನಿಂತ. ಆಗ ಎಂಗ ಹಟ್ಟಿಯ ಹೆಂಗಸರೆಲ್ಲಾ ಊರು ಬಿಟ್ಟು ಓಡಬೇಕಿತ್ತಾ?"

ಹಾಲ ನಗಲಿಲ್ಲ. "ಕೆಮ್ಮೇ ಇರಲಿ. ಎಲ್ಲರೂ ನನ್ನನ್ನ ನೋಡಿದರಲ್ಲ."

"ಯಾರೂ ನೋಡಲಿಲ್ಲ. ಎಲ್ಲರ ಕಣ್ಣು ಹೆಣದ ಮೇಲಿತ್ತು."

"ನೀ ನೋಡಿದೆ, ಅಕ್ಕ."

ನಾನು ಕುರ್ಚಿ ಎಳೆದುಕೊಂಡು ಕೂತೆ. ಮೇಜಿನ ಮೇಲೆ ಟೀ ತಂದಿಟ್ಟಿದ್ದರು, ಅದನ್ನು ಕುಡಿದೆ. ಸಕ್ಕರೆ ಜಾಸ್ತಿ. ಅವನು ಕಿಟಕಿಯ ಹತ್ತಿರ ನಿಂತೇ ಇದ್ದ.

"ಕೆಳಹಟ್ಟಿಯ ಹೆಂಗಸರ ಬಿಳಿ ಮುಂಡು ನಿನ್ನೆ ಮಣ್ಣಿನ ಬಣ್ಣ ಇತ್ತು" ಎಂದ. "ಸಾವಿಗೆ ಯಾರೂ ಒಗೆಯದೆ ಉಟ್ಟು ಬರಲ್ಲ. ನಿನ್ನದೂ ಹಾಗೇ ಇತ್ತು. ಮನೆಯಲ್ಲಿ ನೀರಿಲ್ಲ ಅಂತ ಒಂದು ದಿನವಾದರೂ ನನಗೆ ಯಾಕೆ ಹೇಳಲಿಲ್ಲ?"

"ಯಾರಿಗೆ ಹೇಳಲಿ? ಕೂಲಿ ಕೊಡೋನಿಗಾ, ತಮ್ಮನಿಗಾ?"

ಅವನು ಹೆಗಲ ಮೇಲಿನ ಟವಲ್ಲಿನಿಂದ ಮುಖ ಒರೆಸಿಕೊಂಡ. ಅತ್ತನೋ ಬೆವರೋ ನಾನು ನೋಡಲು ಹೋಗಲಿಲ್ಲ. ನಾನು ಎದ್ದು ಹೊರಡುವಾಗ ನನ್ನ ಕೈಗೆ ಬನ್ನಿನ ಪೊಟ್ಟಣ ಕೊಟ್ಟ. "ಊಟ ಮಾಡಿದೆಯಾ?" ಎಂದು ನಾನು ಕೇಳಿದೆ. ಇಲ್ಲ ಎಂದ. ಎರಡು ಬನ್ನು ತೆಗೆದು ಮೇಜಿನ ಮೇಲೆ ಇಟ್ಟು ಬಂದೆ.

ಅಂದಿನಿಂದ ಕ್ಯಾರೆಟ್ಟನ್ನು ಮಣ್ಣಿನ ಸಮೇತ ಘಟ್ಟದ ಕೆಳಕ್ಕೆ ಕಳಿಸಲು ಶುರುಮಾಡಿದ. ನಮ್ಮನ್ನು ಮತ್ತೆ ಕರೆಸಿ, ಒಣ ಗೋಣಿಯಿಂದ ಉಜ್ಜಿ ಆರಿಸಲು ಕೂರಿಸಿದ. ಕೆಲಸ ಅರ್ಧ, ಕೂಲಿಯೂ ಅರ್ಧ. ದೂಳು ಮೂಗಿಗೆ ಹೋಗಿ ಸೀನಿ ಸೀನಿ ಸಾಕಾಯಿತು. ಮೇಟುಪಾಳ್ಯದ ತರಕಾರಿ ಮಂಡಿಯವರು, "ಮೇಯರ್ ಸಾರ್, ಇದೇನು, ಕ್ಯಾರೆಟ್ ಕಳಿಸಿದೀರಾ ಕಟ್ಟಿಗೆ ಕಳಿಸಿದೀರಾ?" ಎಂದು ಫೋನು ಮಾಡಿದರು. ಒಂದು ಲೋಡನ್ನು ವಾಪಸ್ಸೇ ಕಳಿಸಿದರು. "ತಿನ್ನೋರು ತೊಳ್ಕೊಂಡು ತಿನ್ನಲಿ" ಎಂದ ಹಾಲ. ಬೆಳೆಗಾರರು ಬೇರೆ ಶೆಡ್ಡುಗಳಿಗೆ ಹೋದರು. ಪೇಟೆಯಲ್ಲೂ ಹೆಸರು ಬರಲಿಲ್ಲ. ಅಲ್ಲಿಯ ನಲ್ಲಿಗೆ ಇದರಿಂದ ಒಂದು ಹನಿಯೂ ಹೆಚ್ಚಾಗಲಿಲ್ಲವಲ್ಲ, ಬೈಯುವವರು ಬೈಯುತ್ತಲೇ ಇದ್ದರು.

ಆದರೆ ಕೆಳಹಟ್ಟಿಯ ಗುಂಡಿಗೆ ನೀರು ಬಂತು. ಮೊದಲ ದಿನ ಕೆಸರು, ಅದರಲ್ಲಿ ಕ್ಯಾರೆಟ್ ಎಲೆ. ಆಮೇಲಾಮೇಲೆ ತಿಳಿಯಾಯಿತು. ಹೆಂಗಸರು ಕಂಬಳಿ, ಮುಂಡು, ಚಾಪೆ ಎಲ್ಲ ಹೊತ್ತು ತಂದು ಒಗೆದರು. ಬೇಲಿ, ಟೀ ಗಿಡ, ಬಂಡೆ, ಎಲ್ಲಿ ನೋಡಿದರೂ ಬಟ್ಟೆ. ಹೆತ್ತಪ್ಪ ಬಿಸಿಲಿನಲ್ಲಿ ಕೂತು ಬೀಡಿ ಸೇದುತ್ತಾ, "ಕಾರಿ ಪುಣ್ಯವಂತ, ಸತ್ತು ನೀರು ತಂದ" ಎಂದ. ತನ್ನ ಕೆಮ್ಮಿನಿಂದ ಒಂದು ಶೆಡ್ಡು ನಿಂತದ್ದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಅವನು ಮುಂದಿನ ಸಾವಿನಲ್ಲಿ ಬೇಕಂತಲೇ ಎಲ್ಲ ಸಾಲಿನಲ್ಲೂ ಕೆಮ್ಮುತ್ತಿದ್ದ.

ಮುಂಗಾರು ಆ ವರ್ಷ ಸರಿಯಾದ ಹೊತ್ತಿಗೆ ಹಿಡಿಯಿತು. ಮೊದಲು ಗಾಳಿ, ಆಮೇಲೆ ಮಂಜು, ಆಮೇಲೆ ಬಿಡದ ಜಿನುಗು. ಸುಟ್ಟ ಟೀ ಗಿಡ ಚಿಗುರಿತು. ಹಳ್ಳಕ್ಕೆ ಮತ್ತೆ ದನಿ ಬಂತು. ಇನ್ನೇನು ಶೆಡ್ಡು ಶುರುವಾಗುತ್ತದೆ ಎಂದು ನಾವು ದಿನಾ ಕಾದೆವು. ಶುರುವಾಗಲಿಲ್ಲ.

ಒಂದು ಮಧ್ಯಾಹ್ನ ಹಾಲ ಕೊಡೆ ಹಿಡಿದು ಒಬ್ಬನೇ ಕೆಳಹಟ್ಟಿಗೆ ಬಂದ. ನಾವು ಹೆಂಗಸರು ಗುಂಡಿಯ ಹತ್ತಿರ ಇದ್ದೆವು. ನನ್ನ ಮುಂದೆ ತಲೆ ಬಗ್ಗಿಸಿದ, ಹರಸಿದೆ. ಆಮೇಲೆ ಅವನು ಎಲ್ಲರ ಕಡೆ ತಿರುಗಿ, ಓಟು ಕೇಳುವಾಗಲೂ ಇಲ್ಲದ ಸಣ್ಣ ದನಿಯಲ್ಲಿ ಕೇಳಿದ: "ಮಳೆ ಬಂತು. ಪಂಪು ಹಾಕಲಾ?"

ಕೂಲಿ ಎಲ್ಲರಿಗೂ ಬೇಕಿತ್ತು. ಒಣಗಿದ ಗುಂಡಿಯೂ ಎಲ್ಲರ ಕಣ್ಣ ಮುಂದಿತ್ತು. ನಾನು ಬಾಯಿ ಬಿಡಲಿಲ್ಲ. ನಾನು ಹೇಳಿದರೆ ಅದು ಅಕ್ಕ ಹೇಳಿದ್ದಾಗುತ್ತದೆ.

ಮಾದಿ ಕೊಡವನ್ನು ಸೊಂಟಕ್ಕೆ ಏರಿಸಿಕೊಂಡಳು. "ಹಾಕು ಚೇರ್ಮನ್ನೇ. ಹಾಕದೆ ಎಂಗ ಬಾಯಿಗೆ ಮಣ್ಣಾ? ಆದ್ರೆ ಎಂಗ ಕೊಡ ತುಂಬಿದ ಮೇಲೆ ಹಾಕು."

"ನಿಂಗ ಕೊಡ ತುಂಬಿತು ಅಂತ ಮೇಲೆ ನನಗೆ ಹೇಗೆ ಗೊತ್ತಾಗುತ್ತೆ?"

"ಎಂಗ ತುಂಬಿ ಇಟ್ಟೇ ತಾನೇ ಕೆಲಸಕ್ಕೆ ಹತ್ತಿ ಬರೋದು? ಎಂಗ ಮುಖ ಕಂಡ ಮೇಲೆ ಸ್ವಿಚ್ಚು ಹಾಕು. ಕಾಣಲಿಲ್ಲವೋ, ಕೈ ಕಟ್ಟಿ ಕೂತ್ಕೋ."

ಹಾಲ ನನ್ನ ಕಡೆ ನೋಡಿದ. ನಾನು ಆಕಾಶ ನೋಡಿದೆ. "ಆಗಲಿ" ಎಂದ. ಮಾದಿ ಅಷ್ಟಕ್ಕೆ ಬಿಡಲಿಲ್ಲ. "ಬಂದದ್ದು ಬಂದೆ, ಆ ಕೊಡ ಎತ್ತಿಕೋ. ಅಕ್ಕನಿಗೆ ಮಂಡಿ ನೋವು" ಎಂದಳು. ಚೇರ್ಮನ್ ಕೊಡೆಯನ್ನು ನನ್ನ ಕೈಗೆ ಕೊಟ್ಟು ಕೊಡ ಎತ್ತಿಕೊಂಡ. ಹೊರುವ ಅಭ್ಯಾಸ ತಪ್ಪಿತ್ತು, ಅರ್ಧ ನೀರು ಅಂಗಿಗೇ ಚೆಲ್ಲಿತು. ಹೆಂಗಸರು ಮನೆ ಬಾಗಿಲವರೆಗೂ ಅವನನ್ನು ನೋಡಿ ನಗುತ್ತಾ ಬಂದರು. ಅವನೂ ನಗುತ್ತಿದ್ದ. ಆ ವರ್ಷದಲ್ಲಿ ಅವನು ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ.

ಶೆಡ್ಡು ಮತ್ತೆ ಶುರುವಾಯಿತು. ಬಿಟ್ಟು ಹೋದ ಬೆಳೆಗಾರರಲ್ಲಿ ಕೆಲವರು ಬಂದರು, ಕೆಲವರು ಬರಲಿಲ್ಲ. ಬೇರೆಯವರ ಲಾರಿಗಳು ಕತ್ತಲಿರುವಾಗಲೇ ಘಟ್ಟ ಇಳಿದರೆ ನಮ್ಮ ಲಾರಿ ಬಿಸಿಲು ಬಂದ ಮೇಲೆ ಹೊರಡುತ್ತಿತ್ತು. ನಾವು ಬೇಕಂತ ತಡ ಮಾಡಿದವರಲ್ಲ. ಆದರೆ ಹೆಂಗಸರು ಎಂದ ಮೇಲೆ ನೀರು ತುಂಬುವುದು ಎಂದರೆ ಬರೀ ನೀರು ತುಂಬುವುದೇ? ದನಕ್ಕೆ ಇಡಬೇಕು, ಮುದುಕರ ಮೈ ತೊಳೆಸಬೇಕು, ಎರಡು ಬಟ್ಟೆ ಹಿಂಡಬೇಕು, ಒಬ್ಬಳ ಸೊಸೆಯ ವಿಷಯ ಇನ್ನೊಬ್ಬಳು ಕೇಳಿ ಮುಗಿಸಬೇಕು.

ಅಷ್ಟು ಹೊತ್ತೂ ಹಾಲನಿಗೆ ಕೆಳಗಿನಿಂದ ಫೋನಿನ ಮೇಲೆ ಫೋನು. ಒಂದು ಬೆಳಗ್ಗೆ ನಾನು ಏದುಸಿರು ಬಿಡುತ್ತಾ ಗುಡ್ಡದ ಅಂಚಿಗೆ ಬಂದಾಗ ಅವನು ಶೆಡ್ಡಿನ ಮುಂದೆ ನಿಂತಿದ್ದ. ನನಗೆ ಬೆನ್ನು ಮಾಡಿ, ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಹಿಂದೆ ಕಟ್ಟಿಕೊಂಡು. ಆ ಕಡೆಯಿಂದ ಮಂಡಿಯವನು ಕೂಗುತ್ತಿದ್ದದ್ದು ನನಗೂ ಕೇಳಿಸುತ್ತಿತ್ತು: ಲೋಡ್ ಎಲ್ಲಿ ಸಾರ್, ಮಾರ್ಕೆಟ್ ಮುಗೀತಾ ಬಂತು, ಒಂದು ಊರನ್ನೇ ಆಳೋರು ನೀವು, ಒಂದು ಪಂಪ್ ಹಾಕ್ಸೋಕಾಗಲ್ವಾ?

"ಆಗಲ್ಲಪ್ಪ" ಎಂದ ಹಾಲ. "ಎನ್ನ ಅಕ್ಕ ಇನ್ನೂ ಮೇಲೆ ಬಂದಿಲ್ಲ."